ಮಾರಿಷಸ್ ರಸ್ತೆಗಳಲ್ಲಿ ಪಕ್ಕದ ಸೀಟಿನವರು ಹೆದರಿದರೆ: ಕಾರು ಓಡಿಸುವವರಿಗೊಂದು ಮಾರ್ಗದರ್ಶಿ

ಮಾರಿಷಸ್‌ಗೆ ಪ್ರವಾಸ ಹೋಗುವ ಕನ್ನಡಿಗರಲ್ಲಿ ಸ್ವತಃ ಕಾರು ಬಾಡಿಗೆಗೆ ಪಡೆದು ಸುತ್ತುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ನಮ್ಮಲ್ಲಿರುವಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುತ್ತವೆ, ಸ್ಟಿಯರಿಂಗ್ ಬಲಗಡೆಗೇ ಇರುತ್ತದೆ, ಫಲಕಗಳ ಮೇಲಿನ ಇಂಗ್ಲಿಷ್ ಅರ್ಥವಾಗುತ್ತದೆ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು 65 ಕಿಲೋಮೀಟರ್, ಅಡ್ಡಕ್ಕೆ ಸುಮಾರು 45 ಕಿಲೋಮೀಟರ್ ಇರುವ ಈ ದ್ವೀಪದಲ್ಲಿ ಬೆಳಿಗ್ಗೆ ಹೊರಟರೆ ಎಲ್ಲಿಗೆ ಹೋದರೂ ಸಂಜೆಯೊಳಗೆ ತಂಗಿದ ಜಾಗಕ್ಕೆ ಮರಳಬಹುದು. ಆದರೆ ಈ ಅನುಕೂಲವೆಲ್ಲ ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ ಸಂಬಂಧಿಸಿದ್ದು. ಪಕ್ಕದಲ್ಲಿ ಕುಳಿತ ಹೆಂಡತಿಯೋ, ಗಂಡನೋ, ಹಿಂದೆ ಕುಳಿತ ತಾಯಿಯೋ ಕಾರು ಹತ್ತಿದರೇ ಹೆದರುವ ಸ್ವಭಾವದವರಾಗಿದ್ದರೆ ಅದೇ ರಸ್ತೆ ಅವರಿಗೆ ಬೇರೆಯೇ ರಸ್ತೆಯಾಗಿ ಕಾಣುತ್ತದೆ. ಅವರ ಭಯವನ್ನು ಮಾತಿನಿಂದ ಓಡಿಸಲು ಆಗುವುದಿಲ್ಲ. ಮುಂದೆ ಏನಾಗಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಾಗುವಂತೆ, ಬೇಡವೆನಿಸಿದಾಗ ನಿಲ್ಲಿಸಿ ಎನ್ನುವ ಹಕ್ಕು ಅವರ ಕೈಯಲ್ಲಿರುವಂತೆ ಇಡೀ ಪ್ರವಾಸವನ್ನು ಯೋಜಿಸಬೇಕಾಗುತ್ತದೆ. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಮನೆಯಿಂದ ಹೊರಡುವ ಮೊದಲಿನ ಹಂತದಿಂದಲೇ ಇಲ್ಲಿ ವಿವರಿಸಲಾಗಿದೆ.

ಹೆದರಿಕೆ ಯಾವುದರದ್ದು ಎಂದು ಮೊದಲು ಕೇಳಿ ತಿಳಿಯಿರಿ

ಕಾರಿನಲ್ಲಿ ಹೆದರುವವರೆಲ್ಲರ ಭಯವೂ ಒಂದೇ ಬಗೆಯದಲ್ಲ. ಕೆಲವರಿಗೆ ರಸ್ತೆಯ ಅಂಚು, ಅದರಾಚೆಗಿನ ಇಳಿಜಾರು ಅಥವಾ ನೀರು ಕಂಡರೆ ಆಗುವುದಿಲ್ಲ. ಕೆಲವರಿಗೆ ವೇಗ, ಅದರಲ್ಲೂ ಮುಂದಿನ ವಾಹನಕ್ಕೆ ತೀರಾ ಹತ್ತಿರ ಹೋಗುವುದು ತಡೆಯದು. ಕೆಲವರಿಗೆ ನಿಜವಾಗಿ ಇರುವುದು ಭಯವಲ್ಲ, ಹೊಟ್ಟೆ ತೊಳಸು. ತಿರುವುಗಳಲ್ಲಿ ವಾಂತಿ ಬಂದೀತೆಂಬ ಆತಂಕವೇ ಮುಖದಲ್ಲಿ ಭಯವಾಗಿ ಕಾಣುತ್ತದೆ. ಹಿಂದೆ ಎಂದೋ ಅಪಘಾತವನ್ನು ಕಂಡವರು ಲಾರಿಯೊಂದು ಎದುರು ಬಂದರೆ ಸಾಕು, ಉಸಿರು ಬಿಗಿಹಿಡಿಯುತ್ತಾರೆ. ಇನ್ನು ಕೆಲವರ ಚಿಂತೆ ಪೂರ್ತಿ ವ್ಯಾವಹಾರಿಕವಾದದ್ದು: ಪರದೇಶದಲ್ಲಿ ಬಾಡಿಗೆ ಕಾರಿಗೆ ಗೀರು ಬಿದ್ದರೆ ಎಷ್ಟು ಹಣ ಕಟ್ಟಬೇಕಾದೀತು, ಪೊಲೀಸರು ನಿಲ್ಲಿಸಿದರೆ ಏನು ಗತಿ ಎಂಬುದು.

ಇವುಗಳಲ್ಲಿ ಯಾವುದು ಎಂದು ತಿಳಿಯದೆ ಮಾಡುವ ಉಪಾಯಗಳು ಒಂದಕ್ಕೊಂದು ವಿರುದ್ಧವಾಗುತ್ತವೆ. ಉದಾಹರಣೆಗೆ, ಹೊಟ್ಟೆ ತೊಳಸುವವರನ್ನು ಮುಂದೆ ಕೂರಿಸಬೇಕು. ಅಂಚಿಗೆ ಹೆದರುವವರಿಗೆ ಹಿಂದಿನ ಬಲಗಡೆಯ ಸೀಟು, ಅಂದರೆ ಚಾಲಕರ ಬೆನ್ನ ಹಿಂದಿನದು, ಹೆಚ್ಚು ನೆಮ್ಮದಿ ಕೊಡುತ್ತದೆ. ಆದ್ದರಿಂದ ಟಿಕೆಟ್ ಮಾಡಿಸುವ ಹೊತ್ತಿನಲ್ಲೇ, ಮನೆಯಲ್ಲಿ ಬಿಡುವಾಗಿ ಕುಳಿತಾಗ, ಕಾರಿನಲ್ಲಿ ಯಾವ ಕ್ಷಣ ನಿನಗೆ ಅತಿ ಕಷ್ಟವೆನಿಸುತ್ತದೆ ಎಂದು ನೇರವಾಗಿ ಕೇಳಿ. ಕಾರು ಓಡುತ್ತಿರುವಾಗ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಸಾಧ್ಯವಾದರೆ ಹೊರಡುವ ಮೊದಲು ಚಾರ್ಮಾಡಿಯನ್ನೋ ನಂದಿ ಬೆಟ್ಟವನ್ನೋ ಒಮ್ಮೆ ಹತ್ತಿ ಇಳಿದು ನೋಡುವುದು ಒಳ್ಳೆಯದು. 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ಕಣ್ಣು ಮುಚ್ಚದೆ ಇಳಿದವರಿಗೆ ಮಾರಿಷಸ್‌ನ ಬೆಟ್ಟದ ರಸ್ತೆಗಳು ಹೊಸದೇನನ್ನೂ ಒಡ್ಡುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಚಾಲಕರು ಮುಖ್ಯವಾಗಿ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಇನ್ನೊಂದಿದೆ. ನೀವು ಬಲಗಡೆ ಕುಳಿತು ರಸ್ತೆಯ ನಡುಗೆರೆಯನ್ನು ಹತ್ತಿರದಿಂದ ನೋಡುತ್ತಿರುತ್ತೀರಿ. ನಿಮ್ಮ ಪಕ್ಕದವರು ನಿಮಗಿಂತ ಹೆಚ್ಚುಕಡಿಮೆ ಮುಕ್ಕಾಲು ಮೀಟರ್ ಎಡಕ್ಕೆ, ಅಂದರೆ ಅಂಚಿಗೆ ಅಷ್ಟು ಹತ್ತಿರದಲ್ಲಿ ಇರುತ್ತಾರೆ. ಮಾರಿಷಸ್‌ನ ಹಳ್ಳಿ ರಸ್ತೆಗಳಲ್ಲಿ ಆ ಅಂಚಿನಲ್ಲಿ ಏನಿದೆ ಎಂದು ಅವರ ಸೀಟಿನಲ್ಲಿ ಕುಳಿತು ನೋಡಿದರೆ ಗೊತ್ತಾಗುತ್ತದೆ. ಹಲವು ಕಡೆ ಕಾಲುದಾರಿಯೇ ಇಲ್ಲ; ಡಾಂಬರು ಮುಗಿದಲ್ಲಿಯೇ ತೆರೆದ ಚರಂಡಿ, ಅದನ್ನು ದಾಟಿದರೆ ಕಪ್ಪು ಜ್ವಾಲಾಮುಖಿ ಕಲ್ಲಿನ ಮೋಟು ಗೋಡೆ, ಇಲ್ಲವೆ ಆಳೆತ್ತರ ಮೀರಿ ಬೆಳೆದ ಕಬ್ಬು. ಹತ್ತಿರದ ವಸ್ತುಗಳು ಕಣ್ಣಂಚಿನಲ್ಲಿ ಸರ್ರನೆ ಹಿಂದೆ ಸರಿಯುವುದರಿಂದ ಗಂಟೆಗೆ 50 ಕಿಲೋಮೀಟರ್ ವೇಗ ಅವರಿಗೆ ಎಂಬತ್ತರಂತೆ ಅನ್ನಿಸುತ್ತದೆ. ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಅವರು ಒತ್ತುವುದು, ಕಿಟಕಿಯ ಮೇಲಿನ ಹಿಡಿಯನ್ನು ಬೆರಳು ಬಿಳಿಚುವಂತೆ ಹಿಡಿಯುವುದು ಆ ಸೀಟಿನಿಂದ ಕಾಣುವ ರಸ್ತೆಗೆ ತಕ್ಕ ಪ್ರತಿಕ್ರಿಯೆಯೇ ಹೊರತು ನಿಮ್ಮ ಚಾಲನೆಯ ಮೇಲಿನ ಟೀಕೆಯಲ್ಲ.

ಊರಿನಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸಗಳು

ನಿಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿ ಇದನ್ನು ಒಂದು ವರ್ಷದ ಅವಧಿಗೆ ಕೊಡುತ್ತದೆ, ಅರ್ಜಿಯನ್ನು ಸಾರಥಿ ಜಾಲತಾಣದ ಮೂಲಕ ಸಲ್ಲಿಸಬಹುದು. ಹೆದರುವ ಪ್ರಯಾಣಿಕರಿಗೆ ಕಾಗದಪತ್ರ ಸರಿಯಾಗಿದೆ ಎಂಬ ತಿಳಿವಳಿಕೆಯೇ ಅರ್ಧ ಧೈರ್ಯ. ಪೊಲೀಸ್ ತಪಾಸಣೆ ಕಂಡೊಡನೆ ಕಾರಿನೊಳಗೆ ಗಾಬರಿ ಹರಡದಂತೆ ಇದು ತಡೆಯುತ್ತದೆ.

ಕಾರು ಆರಿಸುವಾಗ ಮೂರು ವಿಷಯಗಳನ್ನು ಗಮನಿಸಿದರೆ ಸಾಕು. ಮೊದಲನೆಯದು, ಆಟೊಮ್ಯಾಟಿಕ್ ಗೇರಿನ ಕಾರನ್ನೇ ಕೇಳಿ. ಏರಿನಲ್ಲಿ ಗೇರ್ ಬದಲಿಸುವಾಗಿನ ಜಗ್ಗಾಟ, ಹಿಂದಕ್ಕೆ ಜಾರುವ ಆ ಒಂದು ಕ್ಷಣ, ಇವೆರಡೂ ಪಕ್ಕದವರ ಎದೆ ಬಡಿತವನ್ನು ಹೆಚ್ಚಿಸುವಷ್ಟು ಬೇರೆ ಯಾವುದೂ ಹೆಚ್ಚಿಸದು. ಎರಡನೆಯದು, ದೊಡ್ಡ ಎಸ್‌ಯುವಿಯ ಆಸೆ ಬೇಡ. ಎತ್ತರದ ಕಾರಿನಲ್ಲಿ ಕುಳಿತರೆ ಕಡಿದಾದ ಅಂಚು ಇನ್ನೂ ಚೆನ್ನಾಗಿ ಕಾಣುತ್ತದೆ, ಅಗಲದ ಕಾರು ಹಳ್ಳಿಯ ಬಸ್ಸಿನ ಎದುರು ಸಿಕ್ಕಿದಾಗ ಎಡಗಡೆಯ ಚರಂಡಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮೂರನೆಯದು ವಿಮೆ. ಹಾನಿಯಾದರೆ ಗ್ರಾಹಕರ ಪಾಲಿಗೆ ಬರುವ ಮೊತ್ತ ಎಷ್ಟೆಂದು ಮೊದಲೇ ಕೇಳಿ, ಸ್ವಲ್ಪ ಹೆಚ್ಚು ಹಣ ಕಟ್ಟಿಯಾದರೂ ಆ ಮೊತ್ತವನ್ನು ಆದಷ್ಟು ಇಳಿಸುವ ಯೋಜನೆಯನ್ನು ಆರಿಸಿಕೊಳ್ಳಿ. ಟೈರು ಮತ್ತು ಗಾಜಿನ ಹಾನಿ ಅದರಲ್ಲಿ ಸೇರಿದೆಯೇ ಎಂಬುದನ್ನೂ ಓದಿ ನೋಡಿ. ಗೀರು ಬಿದ್ದೀತೆಂಬ ಚಿಂತೆ ಚಾಲಕರ ತಲೆಯಲ್ಲಿದ್ದರೆ ಅದು ಸ್ಟಿಯರಿಂಗ್ ಹಿಡಿಯುವ ರೀತಿಯಲ್ಲಿ ವ್ಯಕ್ತವಾಗುತ್ತದೆ, ಪಕ್ಕದವರು ಅದನ್ನು ತಕ್ಷಣ ಗುರುತಿಸುತ್ತಾರೆ.

ಪೂರ್ತಿ ನಕ್ಷೆಯನ್ನು ಮೊಬೈಲ್‌ಗೆ ಮೊದಲೇ ಇಳಿಸಿಕೊಳ್ಳಿ. ಮೊಬೈಲನ್ನು ಸಿಕ್ಕಿಸುವ ಸ್ಟ್ಯಾಂಡನ್ನು ಇಲ್ಲಿಂದಲೇ ಒಯ್ಯಿರಿ.

ವಿಮಾನ ಇಳಿದ ದಿನ ಕಾರು ಮುಟ್ಟಬೇಡಿ

ವಿಮಾನ ನಿಲ್ದಾಣವಿರುವುದು ದ್ವೀಪದ ಆಗ್ನೇಯ ಮೂಲೆಯ ಪ್ಲೇಸಾನ್ಸ್‌ನಲ್ಲಿ. ಪ್ರವಾಸಿಗರು ಹೆಚ್ಚಾಗಿ ತಂಗುವ ಗ್ರಾಂ ಬೇ ಉತ್ತರದಲ್ಲಿದೆ, ಫ್ಲಿಕ್ ಎನ್ ಫ್ಲಾಕ್ ಪಶ್ಚಿಮದಲ್ಲಿದೆ. ಅಂದರೆ ಮೊದಲ ಪ್ರಯಾಣವೇ ದ್ವೀಪವನ್ನು ಅಡ್ಡ ಹಾಯುವಂಥದ್ದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಬೆಂಗಳೂರಿನಿಂದ ಮುಂಬೈಗೆ, ಅಲ್ಲಿಂದ ಆರೇಳು ಗಂಟೆ ವಿಮಾನದಲ್ಲಿ ಕುಳಿತು ಬಂದು, ನಿದ್ದೆಗೆಟ್ಟ ಕಣ್ಣಿನಲ್ಲಿ ಹೊಸ ಕಾರಿನ ಇಂಡಿಕೇಟರ್ ಯಾವ ಕಡೆ, ವೈಪರ್ ಯಾವ ಕಡೆ ಎಂದು ತಡಕಾಡುತ್ತ ಹೆದ್ದಾರಿಗೆ ಇಳಿಯುವುದು ಹೆದರುವವರ ವಿಶ್ವಾಸವನ್ನು ಮೊದಲ ಗಂಟೆಯಲ್ಲೇ ಕಳೆದುಕೊಳ್ಳುವ ದಾರಿ. ಟ್ಯಾಕ್ಸಿಯಲ್ಲಿ ಹೋಟೆಲ್ ಸೇರಿ, ಕಾರನ್ನು ಮಾರನೆಯ ದಿನ ಹೋಟೆಲಿಗೇ ತರಿಸಿಕೊಳ್ಳಿ. ಬಹಳಷ್ಟು ಬಾಡಿಗೆ ಸಂಸ್ಥೆಗಳು ಈ ಸೌಲಭ್ಯ ಕೊಡುತ್ತವೆ. ಟ್ಯಾಕ್ಸಿ ದರವನ್ನು ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು.

ಕಾರು ಬಂದೊಡನೆ ಅದರ ಸುತ್ತ ಒಂದು ವಿಡಿಯೊ ಮಾಡಿಕೊಂಡು, ಇರುವ ಗೀರುಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಈ ಕೆಲಸವನ್ನು ನಿಮ್ಮ ಜೊತೆಗಾರರಿಗೇ ಒಪ್ಪಿಸಿದರೆ ಉತ್ತಮ. ಕಾರು ಅವರಿಗೂ ಪರಿಚಯವಾಗುತ್ತದೆ.

ಆಮೇಲೆ ಹೋಟೆಲಿನ ಅಂಗಳದಲ್ಲಿ ಹದಿನೈದು ನಿಮಿಷ ಒಂದು ಅಭ್ಯಾಸ ಮಾಡಿ. ನೆಲದ ಮೇಲಿನ ಪಾರ್ಕಿಂಗ್ ಗೆರೆಯೊಂದನ್ನು ರಸ್ತೆಯ ಎಡ ಅಂಚು ಎಂದುಕೊಂಡು, ಎಡ ಚಕ್ರ ಅದರಿಂದ ಒಂದು ಮೊಳ ದೂರದಲ್ಲಿ ಬರುವಂತೆ ಕಾರನ್ನು ನಿಧಾನವಾಗಿ ಮುಂದಕ್ಕೆ ಒಯ್ಯಿರಿ. ಜೊತೆಗಾರರು ಹೊರಗೆ ನಿಂತು ಚಕ್ರಕ್ಕೂ ಗೆರೆಗೂ ಇರುವ ಅಂತರವನ್ನು ನೋಡಿ ಹೇಳಲಿ. ಬಳಿಕ ಅವರು ತಮ್ಮ ಸೀಟಿನಲ್ಲಿ ಕುಳಿತು ಅದೇ ಗೆರೆಯನ್ನು ನೋಡಲಿ. ಒಳಗಿನಿಂದ ನೋಡಿದರೆ ಕಾರು ಗೆರೆಯ ಮೇಲೆಯೇ ಇರುವಂತೆ ಕಾಣುತ್ತದೆ. ಕೆಳಗಿಳಿದು ನೋಡಿದರೆ ಇನ್ನೂ ಒಂದು ಮೊಳ ಜಾಗ ಉಳಿದಿರುತ್ತದೆ. ಬಾನೆಟ್ಟು ಮತ್ತು ಬಾಗಿಲು ನೆಲವನ್ನು ಮರೆಮಾಡುವುದರಿಂದ ಹೀಗಾಗುತ್ತದೆ. ತಮ್ಮ ಕಣ್ಣು ತಮಗೆ ಅಂಚನ್ನು ಹತ್ತಿರ ತಂದು ತೋರಿಸುತ್ತಿದೆ ಎಂಬುದನ್ನು ಒಮ್ಮೆ ಕಂಡುಕೊಂಡವರಿಗೆ ಮುಂದಿನ ದಿನಗಳಲ್ಲಿ ಎಷ್ಟೋ ಹಗುರವಾಗುತ್ತದೆ, ಮತ್ತು ಚಾಲಕರಿಗೂ ಹೊಸ ಕಾರಿನ ಎಡ ಚಕ್ರ ಎಲ್ಲಿದೆ ಎಂಬ ಅಂದಾಜು ಸಿಕ್ಕುತ್ತದೆ. ಅಂಚಿಗೆ ಹೆದರುವವರಿಗೆ ಇಷ್ಟು ಉಪಯೋಗವಾಗುವ ಉಪಾಯ ಇನ್ನೊಂದನ್ನು ನಾನು ಕಾಣೆ.

ಆ ದಿನ ಹತ್ತಿರದ ಅಂಗಡಿ, ಕಡಲತೀರ ಇಷ್ಟಕ್ಕೇ ಓಡಾಟವನ್ನು ಮುಗಿಸಿ.

ಯಾವ ಕಡೆಯಿಂದ ಸುತ್ತಬೇಕು

ದ್ವೀಪದಲ್ಲಿ ದಿಕ್ಕಿನ ಲೆಕ್ಕ ಬಹಳ ಮುಖ್ಯ, ಆದರೆ ಇದನ್ನು ಯೋಚಿಸುವವರು ಕಡಿಮೆ. ಎಡಬದಿಯ ಚಾಲನೆ ಇರುವ ದ್ವೀಪವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ ಸಮುದ್ರ ಸದಾ ಎಡಕ್ಕಿರುತ್ತದೆ, ಅಂದರೆ ಪಕ್ಕದ ಸೀಟಿನ ಕಿಟಕಿಯ ಕೆಳಗೇ ಇರುತ್ತದೆ. ಪ್ರದಕ್ಷಿಣೆಯ ಬದಲು ಅಪ್ರದಕ್ಷಿಣೆಯಾಗಿ ಸುತ್ತಿದರೆ ಎಡಕ್ಕೆ ನೆಲ, ಬಲಕ್ಕೆ ಎದುರು ವಾಹನಗಳ ಓಣಿ, ಅದರಾಚೆ ಸಮುದ್ರ. ನೋಟ ತಪ್ಪುವುದಿಲ್ಲ, ಭಯ ಮಾತ್ರ ಒಂದು ಓಣಿಯಷ್ಟು ದೂರ ಸರಿಯುತ್ತದೆ.

ಮಾರಿಷಸ್‌ನ ಅತ್ಯಂತ ಸುಂದರವಾದ ದಕ್ಷಿಣ ಕರಾವಳಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಿ. ಪಶ್ಚಿಮದಿಂದ ಹೊರಟು ಲೆ ಮೋರ್ನ್, ಮಕೊಂಡೆ, ಬೇ ದು ಕಾಪ್, ಬೆಲ್ ಓಂಬ್ರ್ ಮೂಲಕ ಸುಯಾಕ್ ಕಡೆಗೆ ಪೂರ್ವಕ್ಕೆ ಸಾಗಿದರೆ ನಿಮ್ಮ ಎಡಕ್ಕೆ ಬೆಟ್ಟ ಮತ್ತು ಕಬ್ಬಿನ ಗದ್ದೆಗಳಿರುತ್ತವೆ. ಮಕೊಂಡೆಯಲ್ಲಿ ಸಮುದ್ರಕ್ಕೆ ಚಾಚಿದ ಬಂಡೆಯೊಂದನ್ನು ಬಳಸಿಕೊಂಡು ರಸ್ತೆ ತಟ್ಟನೆ ತಿರುಗುತ್ತದೆ, ಅಲೆಗಳು ಅದರ ಪಕ್ಕಕ್ಕೇ ಬಂದು ಬಡಿಯುತ್ತವೆ. ಈ ದಿಕ್ಕಿನಲ್ಲಿ ಬಂದರೆ ನಿಮ್ಮ ಜೊತೆಗಾರರು ಬಂಡೆಯ ಮಗ್ಗುಲಲ್ಲಿರುತ್ತಾರೆ, ವಿರುದ್ಧ ದಿಕ್ಕಿನಲ್ಲಿ ಬಂದರೆ ನೀರಿನ ಮಗ್ಗುಲಲ್ಲಿ. ಲೆ ಮೋರ್ನ್‌ನಲ್ಲಿ ಸ್ವಲ್ಪ ಹೊತ್ತು ತಂಗಿ. 556 ಮೀಟರ್ ಎತ್ತರದ ಆ ಬಂಡೆಬೆಟ್ಟ ಒಂದು ಕಾಲದಲ್ಲಿ ತಪ್ಪಿಸಿಕೊಂಡ ಗುಲಾಮರ ಆಶ್ರಯವಾಗಿತ್ತು, 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಷ್ಟು ದೂರ ಬಂದವರು ಅದನ್ನು ಕಾರಿನಿಂದಲೇ ನೋಡಿ ಮುಂದೆ ಹೋಗುವುದು ಸರಿಯಲ್ಲ. ಹೆದರಿದ ಮನಸ್ಸಿಗೂ ಮಕೊಂಡೆಗೆ ಮುಂಚೆ ನೆಲದ ಮೇಲೆ ಕಾಲೂರಿ ನಿಲ್ಲುವುದು ಬೇಕಾಗಿರುತ್ತದೆ.

ಬೆಟ್ಟದ ರಸ್ತೆಗೆ ನಿಯಮ ಬೇರೆ: ಕಡಿದಾದ ಭಾಗವನ್ನು ಹತ್ತಿ, ಸಾವಕಾಶವಾದ ಭಾಗವನ್ನು ಇಳಿಯಿರಿ. ಏರುವಾಗ ಕಾರು ತಾನಾಗಿಯೇ ನಿಧಾನವಾಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಇಳಿಯುವಾಗ ಮುಂದಿನ ತಿರುವು ತಮ್ಮತ್ತ ನುಗ್ಗಿ ಬರುವಂತೆ ಪಕ್ಕದವರಿಗೆ ಅನ್ನಿಸುತ್ತದೆ. ಆದ್ದರಿಂದ ಪಶ್ಚಿಮ ತೀರದ ಕಾಸ್ ನೊಯಾಲ್‌ನಿಂದ ಶಾಮರೆಲ್‌ಗೆ ತಿರುವುಗಳ ರಸ್ತೆಯನ್ನು ಹತ್ತಿ, ಅಲ್ಲಿಂದ ಪ್ಲೇನ್ ಶಾಂಪಾನ್ ಕಾಡಿನ ದಾರಿಯಲ್ಲಿ ಬ್ಲ್ಯಾಕ್ ರಿವರ್ ಕಣಿವೆಯ ನೋಟವನ್ನು ಕಂಡು, ಗಂಗಾ ತಲಾವ್‌ಗೆ ಹೋಗಿ, ಬಳಿಕ ಕ್ಯೂರ್‌ಪಿಪ್ ಕಡೆಗೆ ಹೋಗುವುದು ನನ್ನ ಆಯ್ಕೆ. ಗಂಗಾ ತಲಾವ್‌ನಲ್ಲಿ 108 ಅಡಿ ಎತ್ತರದ ಶಿವನ ವಿಗ್ರಹವಿದೆ, ವಿಶಾಲವಾದ ಪಾರ್ಕಿಂಗ್ ಇದೆ, ಕೆರೆಯ ದಡದಲ್ಲಿ ಕುಳಿತು ಒಂದು ಗಂಟೆ ಸುಧಾರಿಸಿಕೊಳ್ಳಬಹುದು. ನಮ್ಮ ಹಿರಿಯರನ್ನು ಕರೆದೊಯ್ದಿದ್ದರೆ ದಿನದ ಅತಿ ದೊಡ್ಡ ಸಮಾಧಾನ ಸಿಗುವುದು ಅಲ್ಲಿಯೇ. ಆದರೆ ಮಹಾಶಿವರಾತ್ರಿಯ ಹಿಂದಿನ ದಿನಗಳಲ್ಲಿ ದ್ವೀಪದ ಮೂಲೆಮೂಲೆಯಿಂದ ಭಕ್ತರು ಅಲಂಕರಿಸಿದ ಕಾಂವಡಿಗಳನ್ನು ಹೊತ್ತು ರಸ್ತೆಯಲ್ಲೇ ನಡೆದು ಬರುತ್ತಾರೆ. ಆ ವೇಳೆ ಅತ್ತ ಕಾರು ಒಯ್ಯುವ ಯೋಜನೆಯನ್ನು ಕೈಬಿಡಿ.

ನಕ್ಷೆಯ ಆ್ಯಪ್ ಕೆಲವೊಮ್ಮೆ ಐದು ನಿಮಿಷ ಉಳಿಸಲು ಕಬ್ಬಿನ ಗದ್ದೆಗಳ ನಡುವಿನ ಓಣಿಗೆ ತಿರುಗಿಸುತ್ತದೆ. ಹೆದರುವವರು ಜೊತೆಗಿದ್ದರೆ ಮುಖ್ಯ ರಸ್ತೆಯನ್ನು ಬಿಡಬೇಡಿ. ರಾಜಧಾನಿ ಪೋರ್ಟ್ ಲೂಯಿಯ ಬೆಳಗಿನ ಮತ್ತು ಸಂಜೆಯ ದಟ್ಟಣೆಯನ್ನು ತಪ್ಪಿಸಿ. ಅಲ್ಲಿಗೆ ಕ್ಯೂರ್‌ಪಿಪ್‌ನಿಂದ ಮೆಟ್ರೊ ಇದೆ, ಅದನ್ನೇ ಹಿಡಿದರೆ ಆಯಿತು.

ಸ್ಟಿಯರಿಂಗ್ ಹಿಡಿದ ಮೇಲೆ

ಪಕ್ಕದವರು ಹೆದರುವುದು ಹೆಚ್ಚಾಗಿ ವೇಗಕ್ಕಲ್ಲ, ವೇಗದ ಬದಲಾವಣೆಗೆ. ಬ್ರೇಕ್ ಒತ್ತುವುದೆಂದು ನಿಮಗೆ ಮೊದಲೇ ಗೊತ್ತಿರುತ್ತದೆ, ನಿಮ್ಮ ಮೈ ಅದಕ್ಕೆ ಸಿದ್ಧವಾಗಿರುತ್ತದೆ. ಅವರಿಗೆ ಗೊತ್ತಾಗುವುದು ತಲೆ ಮುಂದಕ್ಕೆ ಬಾಗಿದ ಮೇಲೆ. ಹಾಗಾಗಿ ಬ್ರೇಕನ್ನು ನೀವು ಸಾಮಾನ್ಯವಾಗಿ ಒತ್ತುವುದಕ್ಕಿಂತ ಮುಂಚೆಯೇ, ಮೆಲ್ಲಗೆ ಒತ್ತಲು ಶುರುಮಾಡಿ. ಕಾರು ಪೂರ್ತಿ ನಿಲ್ಲುವ ಹಂತದಲ್ಲಿ ಕಾಲನ್ನು ಸ್ವಲ್ಪ ಸಡಿಲಿಸಿದರೆ ಆ ಕೊನೆಯ ಕುಲುಕು ಇಲ್ಲವಾಗುತ್ತದೆ. ತಿರುವಿಗೆ ಮೊದಲೇ ನಿಧಾನಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ ಸಮವೇಗದಲ್ಲಿ ದಾಟಿ, ರಸ್ತೆ ನೇರವಾದ ಮೇಲೆ ವೇಗ ಹೆಚ್ಚಿಸಿ. ಇಳಿಜಾರಿನಲ್ಲಿ ಆಟೊಮ್ಯಾಟಿಕ್ ಕಾರನ್ನೂ ಕೆಳಗಿನ ಗೇರಿಗೆ ಇಳಿಸಿಕೊಳ್ಳಿ. ಎಂಜಿನ್ನಿನ ಸದ್ದು ಏರಿದರೆ ಅದು ಏಕೆಂದು ಒಂದು ಮಾತು ಹೇಳಿ, ಇಲ್ಲದಿದ್ದರೆ ಕಾರು ಕೆಟ್ಟಿತೆಂದು ಅವರು ಭಾವಿಸಬಹುದು.

ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ಮೂರು ಸೆಕೆಂಡು ಕಳೆದು ನೀವು ಅದೇ ಕಂಬವನ್ನು ತಲುಪುವಷ್ಟು ಅಂತರವಿರಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇದು ಸುಮಾರು 50 ಮೀಟರ್. ಬೆಂಗಳೂರಿನಲ್ಲಿ ಅಷ್ಟು ಜಾಗ ಬಿಟ್ಟರೆ ಮೂರು ಸ್ಕೂಟರು, ಒಂದು ಆಟೊ ನುಗ್ಗುತ್ತವೆ. ಅಲ್ಲಿ ಹಾಗಾಗುವುದು ಅಪರೂಪ. ಹೆದ್ದಾರಿಯಲ್ಲಿ ಗರಿಷ್ಠ ಮಿತಿ 110 ಕಿಲೋಮೀಟರ್ ಎಂದು ಫಲಕ ಹೇಳಿದರೂ ಎಡ ಓಣಿಯಲ್ಲಿ ಎಂಬತ್ತರಲ್ಲಿ ಸಾಗಲು ಯಾವ ಅಡ್ಡಿಯೂ ಇಲ್ಲ. ವೇಗ ಅಳೆಯುವ ಕ್ಯಾಮೆರಾಗಳು ಹಲವು ಕಡೆ ಇವೆ. ಹಿಂದಿನವರು ಅವಸರ ಮಾಡಿದರೆ ಬಸ್ ನಿಲ್ದಾಣದಂಥ ಅಗಲವಾದ ಜಾಗ ನೋಡಿ ಪಕ್ಕಕ್ಕೆ ಸರಿದು ದಾರಿ ಕೊಡಿ. ಓವರ್‌ಟೇಕ್ ಮಾಡುವ ಯೋಚನೆಯನ್ನು ಇಡೀ ಪ್ರವಾಸಕ್ಕೇ ಬಿಟ್ಟುಬಿಡುವುದು ಜಾಣತನ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹತ್ತು ನಿಮಿಷ ತೆವಳಿದರೆ ಕಳೆದುಕೊಳ್ಳುವುದು ಹತ್ತು ನಿಮಿಷ ಮಾತ್ರ.

ವೃತ್ತಗಳು, ಅಂದರೆ ರೌಂಡ್‌ಅಬೌಟ್‌ಗಳು, ಅಲ್ಲಿ ಬಹಳ. ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಎಂಬ ನಿಯಮ ನಮ್ಮ ಪುಸ್ತಕದಲ್ಲೂ ಇದೆ, ಅಲ್ಲಿ ಅದನ್ನು ಪಾಲಿಸುತ್ತಾರೆ. ಸಂದೇಹವಾದರೆ ವೃತ್ತದಲ್ಲೇ ಇನ್ನೊಂದು ಸುತ್ತು ಹಾಕಿ. ಹಾಗೆ ಮಾಡುವೆನೆಂದು ಮೊದಲೇ ಹೇಳಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. ಎದುರಿನವರು ದೀಪ ಮಿಣುಕಿಸಿದರೆ ಅದಕ್ಕೆ ನಮ್ಮೂರಿನ ಅರ್ಥವನ್ನೇ ಹಚ್ಚಿಕೊಳ್ಳದೆ, ವಾಹನದ ಚಲನೆಯನ್ನು ಕಂಡೇ ಮುಂದುವರಿಯಿರಿ. ಹಾರ್ನ್ ಮೇಲಿನ ಕೈಯನ್ನು ತೆಗೆದಿಡಿ.

ಏನು ಹೇಳಬೇಕು, ಏನು ಹೇಳಬಾರದು

"ಹೆದರಬೇಡ, ನಾನಿದ್ದೀನಲ್ಲ" ಎಂಬ ಮಾತಿನಿಂದ ಯಾರ ಭಯವೂ ಇಳಿದದ್ದಿಲ್ಲ. "ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ" ಎಂಬುದು ಜಗಳಕ್ಕೆ ಪೀಠಿಕೆ. ಅದರ ಬದಲು ಮುಂದೆ ಬರುವುದನ್ನು ಚುಟುಕಾಗಿ ಹೇಳುತ್ತ ಹೋಗಿ: "ಮುಂದೆ ಎಡಕ್ಕೆ ತಿರುವಿದೆ, ಮೂವತ್ತಕ್ಕೆ ಇಳಿಸ್ತೀನಿ", "ಬಸ್ ನಿಂತಿದೆ, ನಾವೂ ಅದರ ಹಿಂದೆ ನಿಲ್ಲೋಣ", "ಅಮ್ಮ, ಇನ್ನು ಎರಡು ಕಿಲೋಮೀಟರ್ ಅಂಕುಡೊಂಕು, ಆಮೇಲೆ ನೇರ ರಸ್ತೆ". ಹೇಳಿದ್ದನ್ನು ಹೇಳಿದಂತೆಯೇ ಮಾಡಿ. ಮೂವತ್ತಕ್ಕೆ ಇಳಿಸುತ್ತೇನೆಂದು ಹೇಳಿ ನಲವತ್ತರಲ್ಲಿ ತಿರುಗಿಸಿದರೆ ಮುಂದಿನ ಮಾತಿಗೆ ಬೆಲೆಯಿರುವುದಿಲ್ಲ. ದಿನವಿಡೀ ಹೀಗೆ ವೀಕ್ಷಕ ವಿವರಣೆ ಕೊಡಬೇಕಾಗಿಯೂ ಇಲ್ಲ. ಮೊದಲ ಗಂಟೆಯಲ್ಲಿ ಸಾಕಷ್ಟು ಹೇಳಿದರೆ ಆಮೇಲೆ ಕಷ್ಟದ ಜಾಗಗಳಲ್ಲಿ ಮಾತ್ರ ಹೇಳಿದರೆ ನಡೆಯುತ್ತದೆ.

ಅವರ ಕಡೆಯಿಂದ ಬರುವ ಮಾತಿಗೂ ಒಂದು ಒಪ್ಪಂದವಿರಲಿ. "ರೀ, ಸ್ವಲ್ಪ ನಿಧಾನ" ಎಂದರೆ ಕಾರಣ ಕೇಳದೆ ವೇಗವನ್ನು ಹತ್ತು ಕಿಲೋಮೀಟರ್ ಇಳಿಸುವುದು. "ನಿಲ್ಲಿಸಿ" ಎಂದರೆ ಮುಂದಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದು. ಆದರೆ ಕಿರುಚುವುದು, ತೋಳು ಹಿಡಿಯುವುದು, ಸ್ಟಿಯರಿಂಗ್‌ಗೆ ಕೈ ಹಾಕುವುದು ಮಾತ್ರ ಕೂಡದು ಎಂದು ಹೊರಡುವ ಮೊದಲೇ ಮೃದುವಾಗಿ, ಸ್ಪಷ್ಟವಾಗಿ ಹೇಳಬೇಕು. ಈ ಒಪ್ಪಂದ ಎರಡೂ ಕಡೆಯವರನ್ನು ಕಾಯುತ್ತದೆ. ಹಿಂದಿನ ಸೀಟಿನ ಮಕ್ಕಳೋ ಸಂಬಂಧಿಕರೋ ಹೆದರುವವರನ್ನು ಗೇಲಿ ಮಾಡಲು ತೊಡಗಿದರೆ ಅದನ್ನು ಅಲ್ಲಿಗೇ ನಿಲ್ಲಿಸುವುದು ಚಾಲಕರ ಜವಾಬ್ದಾರಿ.

ಅವರಿಗೆ ಒಂದು ಕೆಲಸ ಕೊಟ್ಟರೆ ಮನಸ್ಸು ಅದರಲ್ಲಿ ತೊಡಗುತ್ತದೆ. ವೃತ್ತದಲ್ಲಿ ಎಷ್ಟನೆಯ ದಾರಿ ಎಂದು ಫಲಕ ನೋಡಿ ಹೇಳುವುದು ಒಳ್ಳೆಯ ಕೆಲಸ. ಮೊಬೈಲಿನಲ್ಲಿ ನಕ್ಷೆ ಓದುವುದು ಮಾತ್ರ ಹೊಟ್ಟೆ ತೊಳಸುವವರಿಗೆ ಸಲ್ಲದು.

ಹೊಟ್ಟೆ ತೊಳಸುವವರಿಗೆ

ಒಳಗಿವಿ ಚಲನೆಯನ್ನು ಗುರುತಿಸುತ್ತಿರುವಾಗ ಕಣ್ಣು ನಿಶ್ಚಲವಾದ ಪರದೆಯನ್ನೋ ಕಾರಿನ ಒಳಭಾಗವನ್ನೋ ನೋಡುತ್ತಿದ್ದರೆ, ಈ ಎರಡು ಸುದ್ದಿಗಳು ಮಿದುಳಿನಲ್ಲಿ ಹೊಂದಿಕೆಯಾಗದೆ ವಾಕರಿಕೆ ಬರುತ್ತದೆ. ಚಾಲಕರಿಗೆ ಇದು ಬಾರದಿರುವುದು ಅವರು ದೂರದ ರಸ್ತೆಯನ್ನು ನೋಡುತ್ತ, ಮುಂದಿನ ಚಲನೆಯನ್ನು ಮೊದಲೇ ಊಹಿಸುತ್ತಿರುವುದರಿಂದ. ಆದ್ದರಿಂದ ಇಂಥವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ಬೆಟ್ಟವನ್ನೋ ದಿಗಂತವನ್ನೋ ನೋಡಲು ಹೇಳಿ, ತಲೆಯನ್ನು ಸೀಟಿನ ದಿಂಬಿಗೆ ಒರಗಿಸಲಿ. ಗಾಳಿ ಮುಖಕ್ಕೆ ತಾಗುವಂತಿರಲಿ, ಸುಗಂಧದ ಡಬ್ಬಿ ಇದ್ದರೆ ಡಿಕ್ಕಿಗೆ ಹಾಕಿ. ಹೋಟೆಲಿನ ಭರ್ಜರಿ ತಿಂಡಿಯನ್ನು ಬೆಟ್ಟ ಹತ್ತುವ ದಿನ ಮಿತಿಗೊಳಿಸಬೇಕು. ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಒಣಶುಂಠಿ ಕೆಲವರಿಗೆ ಹಿತವಾಗುತ್ತದೆ. ಮಾತ್ರೆಗಳನ್ನು ವೈದ್ಯರನ್ನು ಕೇಳಿ ಊರಿನಿಂದಲೇ ಒಯ್ಯಿರಿ, ಪ್ರಯಾಣಕ್ಕೆ ಮುಂಚಿತವಾಗಿ ತೆಗೆದುಕೊಂಡರೆ ಮಾತ್ರ ಅವು ಕೆಲಸ ಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವು ನಿದ್ದೆ ತರಿಸುವುದರಿಂದ ಚಾಲಕರು ಅವುಗಳನ್ನು ಮುಟ್ಟಲೇಬಾರದು.

ಮಳೆ ಮತ್ತು ಕತ್ತಲು

ಕರಾವಳಿಯಲ್ಲಿ ಬಿಸಿಲು ಸುಡುತ್ತಿರುವಾಗಲೇ ಕ್ಯೂರ್‌ಪಿಪ್ ಸುತ್ತಲ ಎತ್ತರದ ನೆಲದಲ್ಲಿ ಮಳೆ ಸುರಿಯುತ್ತಿರಬಹುದು, ಪ್ಲೇನ್ ಶಾಂಪಾನ್ ಮಂಜಿನಲ್ಲಿ ಮುಚ್ಚಿರಬಹುದು. ಕಬ್ಬು ಕಡಿಯುವ ಕಾಲದಲ್ಲಿ, ಅಂದರೆ ಸುಮಾರು ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ, ಗದ್ದೆಯ ಮಣ್ಣು ಮತ್ತು ಜಲ್ಲೆಯ ತುಂಡುಗಳು ರಸ್ತೆಗೆ ಬಿದ್ದು, ಮಳೆ ಹನಿದರೆ ಜಾರುತ್ತವೆ. ಕಡಿಯುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಕಬ್ಬೇ ಗೋಡೆಯಂತೆ ನಿಂತು ಅಡ್ಡರಸ್ತೆಯಿಂದ ಬರುವವರನ್ನು ಮರೆಮಾಡುತ್ತದೆ. ಮಳೆ ಜೋರಾದರೆ ಅಂಗಡಿಯೊಂದರ ಮುಂದೆ ನಿಲ್ಲಿಸಿ. ಅಲ್ಲಿನ ದೋಲ್ ಪುರಿ, ಅಂದರೆ ಬೇಳೆ ತುಂಬಿದ ತೆಳು ರೊಟ್ಟಿ, ತಿಂದು ಮುಗಿಸುವುದರೊಳಗೆ ಎಷ್ಟೋ ಸಲ ಮಳೆ ನಿಂತಿರುತ್ತದೆ.

ಚಂಡಮಾರುತದ ಕಾಲ ನವೆಂಬರ್‌ನಿಂದ ಮೇ ನಡುವಿನವರೆಗೆ. ಅಲ್ಲಿನ ಹವಾಮಾನ ಇಲಾಖೆ ಒಂದರಿಂದ ನಾಲ್ಕರವರೆಗಿನ ದರ್ಜೆಗಳಲ್ಲಿ ಎಚ್ಚರಿಕೆ ಕೊಡುತ್ತದೆ. ಎರಡನೆಯ ದರ್ಜೆ ಬಂದಾಗಲೇ ಕಾರಿನ ಕೀಲಿಯನ್ನು ಎತ್ತಿಟ್ಟುಬಿಡಿ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತದ ಮಳೆಗೆ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳೇ ಕೊಚ್ಚಿಹೋಗಿದ್ದವು. ರಸ್ತೆಯ ಮೇಲೆ ಹರಿಯುವ ನೀರನ್ನು, ಅದು ಎಷ್ಟೇ ಕಡಿಮೆ ಎಂದು ತೋರಿದರೂ, ದಾಟಲು ಹೋಗಬಾರದು.

ಸೂರ್ಯ ಜೂನ್‌ನಲ್ಲಿ ಐದೂಮುಕ್ಕಾಲರ ಹೊತ್ತಿಗೂ ಜನವರಿಯಲ್ಲಿ ಏಳರ ಸಮೀಪಕ್ಕೂ ಮುಳುಗುತ್ತಾನೆ. ಅದಾದ ಮೇಲೆ ಕತ್ತಲು ಬಹಳ ಬೇಗ ಕವಿಯುತ್ತದೆ. ದೀಪವಿಲ್ಲದ ಗದ್ದೆ ರಸ್ತೆಯಲ್ಲಿ ನಡೆದು ಹೋಗುವವರು, ಸೈಕಲ್ಲುಗಳು, ಬೀದಿನಾಯಿಗಳು ಹತ್ತಿರ ಬಂದ ಮೇಲೆಯೇ ಕಾಣುವುದು. ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಹೋಟೆಲಿನಲ್ಲಿರುವಂತೆ ದಿನವನ್ನು ಲೆಕ್ಕಹಾಕಿ. ರಾತ್ರಿ ಊಟಕ್ಕೆ ಹೊರಗೆ ಹೋಗುವುದಿದ್ದರೆ ಟ್ಯಾಕ್ಸಿ ಕರೆಯಿರಿ.

ಭಯ ಕೈಮೀರಿದಾಗ

ಎಷ್ಟು ಎಚ್ಚರವಹಿಸಿದರೂ ಒಮ್ಮೊಮ್ಮೆ ಉಸಿರು ಮೇಲುಮೇಲಕ್ಕೆ ಬಂದು, ಕೈ ನಡುಗಿ, ಎದೆ ಬಡಿದುಕೊಳ್ಳುವ ಸ್ಥಿತಿ ಬರಬಹುದು. ತಿರುವಿನಲ್ಲಿ ನಿಲ್ಲಿಸಬೇಡಿ, "ಅಗೋ ಆ ಅಂಗಡಿಯ ಮುಂದೆ ನಿಲ್ಲಿಸ್ತೀನಿ" ಎಂದು ಜಾಗ ತೋರಿಸಿ, ಇಂಡಿಕೇಟರ್ ಹಾಕಿ, ಅಲ್ಲಿಯೇ ನಿಲ್ಲಿಸಿ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಯಿಂದ ದೂರದ ಬದಿಯಲ್ಲಿ ಅವರನ್ನು ಇಳಿಸಿ. ಉಸಿರನ್ನು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ದೀರ್ಘವಾಗಿಸಲು ಹೇಳಿ, ಜೊತೆಗೆ ನೀವೂ ಹಾಗೆಯೇ ಮಾಡಿ. ಗಡಿಯಾರ ನೋಡಬೇಡಿ. ಎದೆನೋವು ತೋಳಿಗೆ ಹರಡುತ್ತಿದೆ, ಮೈ ತಣ್ಣಗೆ ಬೆವರುತ್ತಿದೆ ಎಂದರೆ ಅದನ್ನು ಭಯವೆಂದು ತಳ್ಳಿಹಾಕದೆ ಆಂಬುಲೆನ್ಸ್ ಸೇವೆಯ 114ಕ್ಕೆ ಕರೆಮಾಡಿ. ಪೊಲೀಸರ ಸಂಖ್ಯೆ 999.

ಸುಧಾರಿಸಿಕೊಂಡ ಮೇಲೆ ಮುಂದೆ ಹೋಗುವುದೋ ಹಿಂದಿರುಗುವುದೋ ಎಂಬ ತೀರ್ಮಾನ ಅವರದಾಗಿರಲಿ. ಹಿಂದಿರುಗುವ ದಾರಿಯಲ್ಲಿ ಸಮುದ್ರ ಅವರ ಮಗ್ಗುಲಿಗೆ ಬರುವುದಾದರೆ ಅದನ್ನೂ ಮೊದಲೇ ತಿಳಿಸಿ, ಬೇಕಾದರೆ ಹಿಂದಿನ ಬಲ ಸೀಟಿಗೆ ಬದಲಾಯಿಸಿ. ಅಲ್ಲಿಯೂ ಬೆಲ್ಟ್ ಹಾಕಿಕೊಳ್ಳಲಿ.

ಬೆಟ್ಟದ ದಿನಕ್ಕೆ ಮಾತ್ರ ಸ್ಥಳೀಯ ಚಾಲಕರೊಬ್ಬರನ್ನು ದಿನದ ಬಾಡಿಗೆಗೆ ಕರೆದುಕೊಳ್ಳುವುದು ಇನ್ನೊಂದು ದಾರಿ, ಮತ್ತು ನನ್ನ ದೃಷ್ಟಿಯಲ್ಲಿ ಬಹಳ ಒಳ್ಳೆಯ ದಾರಿ. ಮಾರಿಷಸ್‌ನಲ್ಲಿ ಇಡೀ ದಿನಕ್ಕೆ ಟ್ಯಾಕ್ಸಿ ಗೊತ್ತುಮಾಡುವುದು ಸಾಮಾನ್ಯ ಪದ್ಧತಿ. ನೀವಿಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರೆ ಪಕ್ಕದವರಿಗೆ ಧೈರ್ಯ, ನಿಮಗೂ ಶಾಮರೆಲ್ ಕಾಡನ್ನು ಮೊದಲ ಬಾರಿಗೆ ಸರಿಯಾಗಿ ನೋಡುವ ಅವಕಾಶ. ಆದರೆ ಬೇರೆಯವರ ಕೈಯಲ್ಲಿ ಸ್ಟಿಯರಿಂಗ್ ಇದ್ದರೆ ಭಯ ಹೆಚ್ಚುವವರೂ ಇದ್ದಾರೆ. ಅವರಿಗೆ ನಿಮ್ಮ ನಿಧಾನದ ಚಾಲನೆಯೇ ಲೇಸು. ಇದೇ ಮಾತನ್ನು ನೆರೆಯ ಸೇಶೆಲ್ಸ್‌ಗೆ ನಾನು ಹೇಳುವುದಿಲ್ಲ. ಅಲ್ಲಿನ ಮಾಹೆ ದ್ವೀಪದಲ್ಲಿ ವಿಕ್ಟೋರಿಯಾದಿಂದ ಬೆಟ್ಟ ದಾಟುವ ಸಾನ್ ಸೂಸಿ ರಸ್ತೆ ಕಿರಿದಾಗಿಯೂ ಕಡಿದಾಗಿಯೂ ಇದೆ, ಅಂಚಿಗೆ ಹೆದರುವವರನ್ನು ಅಲ್ಲಿಗೆ ಮೊದಲ ಪ್ರವಾಸದಲ್ಲೇ ಕರೆದೊಯ್ಯುವುದು ಬೇಡ.

ಕಾರನ್ನು ಹಿಂದಿರುಗಿಸುವುದನ್ನು ವಿಮಾನದ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಿಂದಿನ ಸಂಜೆಯೇ ಪೆಟ್ರೋಲ್ ತುಂಬಿಸಿ, ಹೋಟೆಲಿನಲ್ಲೇ ಸಂಸ್ಥೆಯವರಿಗೆ ಒಪ್ಪಿಸಿ, ಮತ್ತೊಮ್ಮೆ ವಿಡಿಯೊ ಮಾಡಿಕೊಂಡು ರಸೀತಿ ಪಡೆಯಿರಿ. ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯನ್ನು ಅದೇ ಸಂಜೆ ಹೋಟೆಲಿನವರ ಮೂಲಕ ಗೊತ್ತುಮಾಡಿ, ಪೋರ್ಟ್ ಲೂಯಿಯನ್ನು ಹಾದು ಹೋಗುವ ದಾರಿಯಾದರೆ ದಟ್ಟಣೆಗೆಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.